ಅಂಡಮಾನಿನಲ್ಲಿ ಮೊದಲ ದಿನ: ಕಲಬುರಗಿ ಕಡೆಯ ಕುಟುಂಬಗಳಿಗೆ ಒಂದು ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಅಂಡಮಾನಿಗೆ ಹೊರಡುವ ಕುಟುಂಬಗಳು ಟಿಕೆಟ್, ಹೋಟೆಲ್, ನೋಡಬೇಕಾದ ಸ್ಥಳಗಳ ಪಟ್ಟಿ ಇವುಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರ ಮಾಡುತ್ತವೆ. ಆದರೆ ದ್ವೀಪದಲ್ಲಿ ಕಾಲಿಟ್ಟ ಮೊದಲ ದಿನವನ್ನು ಹೇಗೆ ಕಳೆಯಬೇಕು ಎಂಬುದನ್ನು ಸಾಮಾನ್ಯವಾಗಿ ಪ್ರವಾಸ ಏರ್ಪಡಿಸುವವರ ಕೈಗೆ ಬಿಟ್ಟುಬಿಡುತ್ತವೆ. ಅವರ ಪಟ್ಟಿಯಲ್ಲಿ ಮೊದಲ ದಿನವೇ ಜೈಲು, ವಸ್ತುಸಂಗ್ರಹಾಲಯ, ಕಡಲತೀರ, ರಾತ್ರಿಯ ಧ್ವನಿ-ಬೆಳಕಿನ ಪ್ರದರ್ಶನ ಎಲ್ಲವೂ ಇರುತ್ತವೆ. ಎರಡು ರಾತ್ರಿ ಸರಿಯಾಗಿ ನಿದ್ದೆಯಿಲ್ಲದೆ ಬಂದ ಮಕ್ಕಳು ಮತ್ತು ಹಿರಿಯರಿಗೆ ಅಷ್ಟೆಲ್ಲವೂ ಮೈಗೆ ಹತ್ತುವುದಿಲ್ಲ. ಮೊದಲ ದಿನ ಮಾಡಬೇಕಾದ ನಿಜವಾದ ಕೆಲಸ ಒಂದೇ: ದ್ವೀಪದ ಹೊತ್ತಿಗೆ, ಅಂದರೆ ಅಲ್ಲಿನ ಸೂರ್ಯನಿಗೂ ಸಮುದ್ರದ ಏರಿಳಿತಕ್ಕೂ, ಮನೆಮಂದಿಯೆಲ್ಲ ಹೊಂದಿಕೊಳ್ಳುವುದು. ಅದೊಂದು ಸರಿಯಾದರೆ ಉಳಿದ ದಿನಗಳು ತಾವಾಗಿಯೇ ಸುಗಮವಾಗುತ್ತವೆ. ಆದ್ದರಿಂದ ಮೊದಲ ದಿನಕ್ಕೆ ಒಂದು ಸ್ಥಳ ಮತ್ತು ಒಂದು ಕಡಲತೀರ ಸಾಕು ಎಂಬ ನಿಲುವಿನಿಂದ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಮೊದಲು ಹೊತ್ತಿನ ಲೆಕ್ಕ

ಇಡೀ ಭಾರತಕ್ಕೆ ಒಂದೇ ಗಡಿಯಾರವಿದೆ, ಆದರೆ ಸೂರ್ಯ ಎಲ್ಲೆಡೆ ಒಂದೇ ಹೊತ್ತಿಗೆ ಹುಟ್ಟುವುದಿಲ್ಲ. ಕಲಬುರಗಿ ಸುಮಾರು 76.8 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯ ಪುರಂ) ಸುಮಾರು 92.7 ಡಿಗ್ರಿಯಲ್ಲಿದೆ. ಪ್ರತಿ ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿನ ಸೂರ್ಯ ನಮ್ಮ ಸೂರ್ಯನಿಗಿಂತ ಒಂದು ಗಂಟೆಗೂ ತುಸು ಹೆಚ್ಚು ಮುಂದಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಕಲಬುರಗಿಯಲ್ಲಿ ಬೆಳಗಿನ ಆರೂಮುಕ್ಕಾಲು ದಾಟಿದ ಮೇಲೆ ಸೂರ್ಯೋದಯವಾದರೆ, ಅಂಡಮಾನಿನಲ್ಲಿ ಐದೂವರೆಯ ಹೊತ್ತಿಗೆಲ್ಲ ಬೆಳಕಾಗಿರುತ್ತದೆ. ನಮ್ಮಲ್ಲಿ ಸಂಜೆ ಆರರ ಆಸುಪಾಸಿನಲ್ಲಿ ಹೊತ್ತು ಮುಳುಗಿದರೆ ಅಲ್ಲಿ ಐದಕ್ಕೇ ಮುಳುಗುತ್ತದೆ. ಮೇ ತಿಂಗಳಿನಲ್ಲಿ ಅಲ್ಲಿ ಬೆಳಗಿನ ಐದಕ್ಕೂ ಮೊದಲೇ ಸೂರ್ಯ ಕಾಣಿಸಿಕೊಳ್ಳುತ್ತಾನೆ.

ಈ ಒಂದು ಗಂಟೆಯ ಅಂತರ ಬಹಳ ಮುಖ್ಯ. ಊರಿನ ರೂಢಿಯಂತೆ ಊಟ ಮುಗಿಸಿ, ಸ್ವಲ್ಪ ಮಲಗಿ, ನಾಲ್ಕೂವರೆಗೆ ಚಹಾ ಕುಡಿದು ತೀರಕ್ಕೆ ಹೊರಟರೆ ತಲುಪುವಷ್ಟರಲ್ಲಿ ಕತ್ತಲು ಕವಿಯುತ್ತದೆ. ಬಿಸಿಲಿನ ಲೆಕ್ಕವೂ ಹೀಗೆಯೇ. ನಮ್ಮಲ್ಲಿ ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಹೋಗಬೇಡಿ ಎಂದು ಹಿರಿಯರು ಹೇಳುತ್ತಾರೆ. ಅಂಡಮಾನಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಹನ್ನೊಂದೂಕಾಲರ ಸುಮಾರಿಗೆ. ಹೀಗಾಗಿ ಅಲ್ಲಿ ನೆರಳಿನಲ್ಲಿರಬೇಕಾದ ಹೊತ್ತು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ. ಎರಡರ ನಂತರದ ಬಿಸಿಲು ಇಳಿಮುಖದ ಬಿಸಿಲು. ಈ ಒಂದು ಬದಲಾವಣೆಯನ್ನು ಮನೆಯವರೆಲ್ಲರಿಗೂ ಹೊರಡುವ ಮುನ್ನವೇ ತಿಳಿಸಿ, ಸಾಧ್ಯವಾದರೆ ಕೊನೆಯ ಎರಡು-ಮೂರು ದಿನ ಮನೆಯಲ್ಲಿಯೇ ಎಲ್ಲರೂ ಒಂದು ಗಂಟೆ ಮೊದಲು ಮಲಗಿ ಒಂದು ಗಂಟೆ ಮೊದಲು ಏಳುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನಲವತ್ತೆರಡು ಡಿಗ್ರಿಯ ಬಿಸಿಲನ್ನು ಕಂಡ ನಮಗೆ ಮೂವತ್ತು ಡಿಗ್ರಿಯ ಅಂಡಮಾನ್ ಯಾವ ಲೆಕ್ಕ ಎಂಬ ಧೈರ್ಯ ನಮ್ಮ ಭಾಗದವರಲ್ಲಿ ಸಹಜವಾಗಿಯೇ ಇರುತ್ತದೆ. ಆದರೆ ನಮ್ಮದು ಒಣ ಸೆಕೆ. ಬೆವರು ಬಂದ ಕೂಡಲೇ ಆರುತ್ತದೆ, ಆರುವಾಗ ಮೈಯನ್ನು ತಂಪು ಮಾಡುತ್ತದೆ. ಸಮುದ್ರದ ನಡುವೆ ಗಾಳಿಯಲ್ಲಿಯೇ ತೇವ ತುಂಬಿರುವುದರಿಂದ ಬೆವರು ಆರದೆ ಮೈಮೇಲೆ ನಿಲ್ಲುತ್ತದೆ, ಮೈಯ ಕಾವು ಹೊರಗೆ ಹೋಗುವುದಿಲ್ಲ. ಥರ್ಮಾಮೀಟರ್ ಕಡಿಮೆ ತೋರಿಸುತ್ತಿದ್ದರೂ ಸುಸ್ತು, ತಲೆನೋವು, ಮಕ್ಕಳಲ್ಲಿ ಬೆವರುಸಾಲೆ ಬೇಗ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಮೈಗೆ ಅಂಟದ ತೆಳುವಾದ ಹತ್ತಿಬಟ್ಟೆ, ಗಂಟೆಗೊಮ್ಮೆ ನೀರು ಅಥವಾ ಎಳನೀರು, ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇವು ಮೊದಲ ದಿನದಿಂದಲೇ ಬೇಕು.

ಕೈಚೀಲದಲ್ಲಿ ಏನಿರಬೇಕು

ನಮ್ಮ ಭಾಗದಿಂದ ಹೊರಡುವವರು ಸಾಮಾನ್ಯವಾಗಿ ರೈಲು ಅಥವಾ ಬಸ್ಸಿನಲ್ಲಿ ಹೈದರಾಬಾದ್, ಬೆಂಗಳೂರು ಅಥವಾ ಚೆನ್ನೈ ತಲುಪಿ ಅಲ್ಲಿಂದ ವಿಮಾನ ಹತ್ತುತ್ತಾರೆ. ಕಲಬುರಗಿ ಮತ್ತು ಯಾದಗಿರಿ ಎರಡೂ ಮುಂಬೈ-ಚೆನ್ನೈ ರೈಲು ಮಾರ್ಗದಲ್ಲಿಯೇ ಇರುವುದರಿಂದ ಚೆನ್ನೈಗೆ ರೈಲು ಹಿಡಿಯುವುದು ಸುಲಭ. ಬೀದರಿನವರಿಗೆ ಹೈದರಾಬಾದ್ ಹತ್ತಿರ. ಚೆನ್ನೈಯಿಂದ ವಿಮಾನದಲ್ಲಿ ಎರಡು ಗಂಟೆಗೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹಡಗಿನಲ್ಲಿಯೂ ಹೋಗಬಹುದಾದರೂ ಅದಕ್ಕೆ ಸುಮಾರು ಮೂರು ದಿನ ಬೇಕಾಗುವುದರಿಂದ ಚಿಕ್ಕ ಮಕ್ಕಳಿರುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಮಕ್ಕಳನ್ನೂ ಸೇರಿಸಿ ಎಲ್ಲರ ಮೂಲ ಗುರುತಿನ ಚೀಟಿಗಳು ಒಂದೇ ಚೀಲದಲ್ಲಿರಲಿ. ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿಗಳ ಟಿಕೆಟಿಗೂ ಹೆಸರು ಮತ್ತು ಗುರುತು ಬೇಕಾಗುತ್ತದೆ.

ದೊಡ್ಡ ಸೂಟ್‌ಕೇಸನ್ನು ಮೊದಲ ದಿನ ಬಿಚ್ಚುವ ಪ್ರಮೇಯವೇ ಬರಬಾರದು. ಒಂದು ಕೈಚೀಲದಲ್ಲಿ ಎಲ್ಲರಿಗೂ ಒಂದೊಂದು ಜೊತೆ ತೆಳು ಬಟ್ಟೆ, ಒಂದೊಂದು ಪಂಜಿ, ಟೋಪಿ, ಸನ್‌ಸ್ಕ್ರೀನ್, ಸೊಳ್ಳೆಗೆ ಹಚ್ಚುವ ಮುಲಾಮು, ಹಿರಿಯರ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು, ಸಣ್ಣ ಟಾರ್ಚು ಇರಲಿ. ಚಪ್ಪಲಿಯ ಬಗ್ಗೆ ವಿಶೇಷ ಗಮನ ಕೊಡಿ. ಚರ್ಮದ ಚಪ್ಪಲಿ ಉಪ್ಪುನೀರಿಗೆ ಒಂದೇ ದಿನದಲ್ಲಿ ಹಾಳಾಗುತ್ತದೆ, ಸಾದಾ ಹವಾಯಿ ಚಪ್ಪಲಿ ಅಲೆಯಲ್ಲಿ ಕಾಲಿನಿಂದ ಕಳಚಿ ಹೋಗುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಚಪ್ಪಲಿ ಎಲ್ಲರಿಗೂ ಬೇಕು, ಏಕೆಂದರೆ ಅಲ್ಲಿನ ಹಲವು ತೀರಗಳಲ್ಲಿ ಮರಳಿನ ಕೆಳಗೆ ಹವಳದ ಚೂಪಾದ ತುಂಡುಗಳಿರುತ್ತವೆ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ. ಅಂಡಮಾನಿನಲ್ಲಿ ಬಂಗಾಳಿ, ತಮಿಳು, ತೆಲುಗು ಮಾತನಾಡುವ ಜನ ಬಹಳ ಕಾಲದಿಂದ ನೆಲೆಸಿರುವುದರಿಂದ ಇಡ್ಲಿ, ದೋಸೆ, ಅನ್ನ-ಸಾರು ರಾಜಧಾನಿಯಲ್ಲಿ ಸುಲಭವಾಗಿ ಸಿಗುತ್ತವೆ. ಆದರೂ ಮೊದಲ ದಿನ ಮುತ್ಯಾ, ಆಯಿಯವರಿಗೆ ಹೊಸ ಊರಿನ ಊಟ ಹಿಡಿಸದೆ ಹೋಗಬಹುದು. ಒಂದು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಲವು ಶೇಂಗಾ ಹೋಳಿಗೆ ಕಟ್ಟಿಕೊಂಡರೆ ಊಟಕ್ಕಾಗಿ ಅಲೆದಾಡುವುದು ತಪ್ಪುತ್ತದೆ. ರೊಟ್ಟಿಯನ್ನು ನಮ್ಮಲ್ಲಿಯಂತೆ ಬಟ್ಟೆಯಲ್ಲಿ ಕಟ್ಟಿದರೆ ಅಲ್ಲಿನ ತೇವದ ಗಾಳಿಗೆ ಸಂಜೆಯೊಳಗೆ ಮೆತ್ತಗಾಗುತ್ತದೆ, ಆದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿಡಿ. ಭಾಷೆಯ ತೊಡಕಂತೂ ನಮ್ಮ ಭಾಗದವರಿಗೆ ಇಲ್ಲವೇ ಇಲ್ಲ. ದ್ವೀಪದಲ್ಲಿ ಎಲ್ಲರನ್ನೂ ಬೆಸೆಯುವ ಭಾಷೆ ಹಿಂದಿ, ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ವ್ಯವಹಾರ ಮಾಡಿದವರಿಗೆ ಅಲ್ಲಿ ಮಾತನಾಡುವುದು ಕಷ್ಟವಾಗದು.

ಮೊಬೈಲ್ ಬಗ್ಗೆ ಒಂದು ಮಾತು. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ 2020ರ ಆಗಸ್ಟ್‌ನಲ್ಲಿ ಬಂದ ಮೇಲೆ ರಾಜಧಾನಿಯಲ್ಲಿ ಇಂಟರ್‌ನೆಟ್ ಸುಧಾರಿಸಿದೆ. ಸಣ್ಣ ದ್ವೀಪಗಳಲ್ಲಿ ಸಿಗ್ನಲ್ ದುರ್ಬಲ, ಎಟಿಎಂಗಳೂ ಕಡಿಮೆ. ಬೇಕಾಗುವ ನಗದನ್ನು ಮೊದಲ ದಿನವೇ ರಾಜಧಾನಿಯಲ್ಲಿ ತೆಗೆದಿಟ್ಟುಕೊಳ್ಳಿ, ಟಿಕೆಟ್ಟುಗಳ ಕಾಗದದ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ.

ಇಳಿದ ಮೇಲೆ, ಎರಡು ಗಂಟೆಯವರೆಗೆ

ಪೋರ್ಟ್ ಬ್ಲೇರ್ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ ಊರಿಗೆ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯ ಪುರಂ ಎಂಬ ಹೆಸರು. ಹಾಗೆಯೇ 2018ರ ಡಿಸೆಂಬರ್ 30ರಂದು ಹ್ಯಾವ್ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ, ನೀಲ್ ದ್ವೀಪಕ್ಕೆ ಶಹೀದ್ ದ್ವೀಪ, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಹೆಸರು ಬದಲಾಯಿತು. ನೇತಾಜಿಯವರು ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದು 1943ರ ಡಿಸೆಂಬರ್ 30ರಂದು, ಆ ದಿನದ ನೆನಪಿಗಾಗಿಯೇ ಈ ಬದಲಾವಣೆ. ಟಿಕೆಟ್ಟು, ಫಲಕ, ಆಟೋ ಚಾಲಕರ ಮಾತು ಇವುಗಳಲ್ಲಿ ಹಳೆಯ ಮತ್ತು ಹೊಸ ಹೆಸರುಗಳೆರಡೂ ಬರುತ್ತವೆ. ಎರಡನ್ನೂ ಬರೆದಿಟ್ಟುಕೊಂಡರೆ ಗೊಂದಲವಾಗದು.

ಬೆಳಗಿನ ವಿಮಾನ ಹಿಡಿದರೆ ಹತ್ತರೊಳಗೆ ಕೋಣೆ ತಲುಪಬಹುದು. ಬಹಳಷ್ಟು ಹೋಟೆಲುಗಳು ಅಷ್ಟು ಬೇಗ ಕೋಣೆ ಕೊಡುವುದಿಲ್ಲವಾದ್ದರಿಂದ ಕಾಯ್ದಿರಿಸುವಾಗಲೇ ಈ ವಿಷಯ ಮಾತನಾಡಿ, ಬೇಕಾದರೆ ಸ್ವಲ್ಪ ಹೆಚ್ಚಿನ ಹಣ ಕೊಟ್ಟಾದರೂ ಬೆಳಗ್ಗೆಯೇ ಕೋಣೆ ಸಿಗುವಂತೆ ನೋಡಿಕೊಳ್ಳಿ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಸ್ನಾನ, ಊಟ, ನಂತರ ಪರದೆ ಎಳೆದು ಎಲ್ಲರೂ ಮಲಗುವುದು, ಹತ್ತರಿಂದ ಒಂದೂವರೆಯವರೆಗೆ ಇಷ್ಟೇ ಕೆಲಸ. ಮಕ್ಕಳು ಸಮುದ್ರ ನೋಡಬೇಕೆಂದು ಹಟ ಹಿಡಿದರೆ ಕಿಟಕಿಯಿಂದಲೋ ತಾರಸಿಯಿಂದಲೋ ತೋರಿಸಿ, ಇಂದೇ ಸಂಜೆ ಕರೆದೊಯ್ಯುತ್ತೇವೆಂದು ಮಾತು ಕೊಡಿ. ಆ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಮಧ್ಯಾಹ್ನದ ಕಾರ್ಯಕ್ರಮವನ್ನು ಚಿಕ್ಕದಾಗಿ ಇಟ್ಟುಕೊಳ್ಳಬೇಕು.

ಕೋಣೆ ಸೇರಿದ ಕೂಡಲೇ ಹೋಟೆಲಿನವರಿಂದ ಕೇಳಿ ತಿಳಿಯಬೇಕಾದ ಮೂರು ಸಂಗತಿಗಳಿವೆ: ಇಂದು ಸೂರ್ಯ ಮುಳುಗುವುದು ಎಷ್ಟು ಹೊತ್ತಿಗೆ, ಇಂದು ಸಂಜೆ ಸಮುದ್ರ ಏರುತ್ತಿರುತ್ತದೆಯೋ ಇಳಿಯುತ್ತಿರುತ್ತದೆಯೋ, ಭೂಕಂಪವಾದರೆ ಹತ್ತಬೇಕಾದ ಎತ್ತರದ ಜಾಗ ಯಾವುದು. ಮೂರನೆಯದನ್ನು ಕೇಳಲು ಸಂಕೋಚ ಬೇಡ. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು ದೇಶದ ಅತಿ ಹೆಚ್ಚು ಭೂಕಂಪದ ಅಪಾಯವಿರುವ ಪ್ರದೇಶಗಳ ಸಾಲಿನಲ್ಲಿವೆ, ಮತ್ತು 2004ರ ಡಿಸೆಂಬರ್ 26ರ ಸುನಾಮಿ ಇಲ್ಲಿ ಅಪಾರ ಸಾವು-ನೋವು ಉಂಟುಮಾಡಿತು. ನೆಲ ಜೋರಾಗಿ ಅಥವಾ ಬಹಳ ಹೊತ್ತು ನಡುಗಿದರೆ, ಇಲ್ಲವೇ ಸಮುದ್ರ ಇದ್ದಕ್ಕಿದ್ದಂತೆ ಬಹಳ ದೂರ ಹಿಂದೆ ಸರಿದರೆ, ಸಾಮಾನು ಬಿಟ್ಟು ಕೂಡಲೇ ಎತ್ತರದ ಕಡೆಗೆ ನಡೆಯಬೇಕು, ಮೊದಲ ಅಲೆ ಹೋಯಿತೆಂದು ಕೆಳಗೆ ಇಳಿಯಬಾರದು. ನಮ್ಮ ಭಾಗದ ಮಕ್ಕಳು ಇದನ್ನು ಎಲ್ಲಿಯೂ ಕಲಿತಿರುವುದಿಲ್ಲ, ಆದ್ದರಿಂದ ಒಮ್ಮೆ ಸ್ಪಷ್ಟವಾಗಿ ಹೇಳಿಕೊಡಿ.

ಎರಡು ಗಂಟೆಗೆ ಜೈಲಿನ ಕಡೆಗೆ

ಮೊದಲ ದಿನದ ಒಂದೇ ಒಂದು ಸ್ಥಳವಾಗಿ ಸೆಲ್ಯುಲಾರ್ ಜೈಲನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಅದರ ಉದ್ದನೆಯ ಮೊಗಸಾಲೆಗಳಲ್ಲಿ ನೆರಳಿದೆ. ಇನ್ನೊಂದು, ಅದನ್ನು ನೋಡಿದ ಮೇಲೆ ಈ ಸಮುದ್ರವನ್ನು ನೋಡುವ ಕಣ್ಣು ಬದಲಾಗುತ್ತದೆ. ಯಾವ ದಿನ ಮುಚ್ಚಿರುತ್ತದೆ, ಸಂಜೆ ಎಷ್ಟಕ್ಕೆ ಬಾಗಿಲು ಹಾಕುತ್ತಾರೆ ಎಂಬುದನ್ನು ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ.

1896ರಲ್ಲಿ ಆರಂಭವಾದ ಈ ಜೈಲಿನ ಕಟ್ಟಡ ಮುಗಿದದ್ದು 1906ರಲ್ಲಿ. ನಡುವಿನ ಒಂದು ಗೋಪುರದಿಂದ ಏಳು ಕಡೆಗೆ ಚಾಚಿದ್ದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲಿಗೆ ಎದುರಾಗಿ ಇನ್ನೊಂದು ಸಾಲಿನ ಬೆನ್ನು ಬರುವಂತೆ ಕಟ್ಟಿದ್ದರಿಂದ ಕೈದಿಗಳು ಒಬ್ಬರ ಮುಖವನ್ನೊಬ್ಬರು ನೋಡುವಂತಿರಲಿಲ್ಲ. ಮಕ್ಕಳನ್ನು ಮೊದಲು ಗೋಪುರದ ಬಳಿ ನಿಲ್ಲಿಸಿ ಈ ಜೋಡಣೆಯನ್ನು ತೋರಿಸಿ, ಆಮೇಲೆ ಒಂದು ಕೋಣೆಯೊಳಗೆ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲಲು ಹೇಳಿ. ಕೈದಿಗಳನ್ನು ಎತ್ತುಗಳ ಬದಲಿಗೆ ಕಟ್ಟಿ ಎಣ್ಣೆ ತೆಗೆಸುತ್ತಿದ್ದ ಗಾಣದ ಮಾದರಿಯೂ ಅಲ್ಲಿದೆ. ಶೇಂಗಾ, ಕುಸುಬೆ ಬೆಳೆಯುವ ನಮ್ಮ ಸೀಮೆಯಲ್ಲಿ ಗಾಣ ಎಂದರೇನೆಂದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ, ವಿವರಿಸುವ ಕೆಲಸವನ್ನು ಅವರಿಗೇ ಬಿಡಿ. 1933ರಲ್ಲಿ ಮತ್ತು 1937ರಲ್ಲಿ ಇಲ್ಲಿನ ರಾಜಕೀಯ ಕೈದಿಗಳು ಉಪವಾಸ ಸತ್ಯಾಗ್ರಹ ನಡೆಸಿದರು. ಮೊದಲನೆಯದರಲ್ಲಿ ಮಹಾವೀರ್ ಸಿಂಗ್ ಸೇರಿ ಮೂವರು ಪ್ರಾಣ ತೆತ್ತರು. 1979ರಲ್ಲಿ ಜೈಲನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಮಕ್ಕಳಿಗೆ ಇದು ದೂರದ ಊರಿನ ಕಥೆಯಾಗಿ ಕಾಣಬಾರದು ಎಂದಾದರೆ ಸುರಪುರದಿಂದ ಆರಂಭಿಸಿ. ಈಗಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಕಾದಾಡಿದ್ದು 1858ರ ಫೆಬ್ರುವರಿಯಲ್ಲಿ. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ, 1857ರ ದಂಗೆಯ ಕೈದಿಗಳನ್ನು ತಂದಿಳಿಸುವ ಮೂಲಕ ಅಂಡಮಾನಿನ ಕೈದಿಗಳ ವಸಾಹತು ಆರಂಭವಾಯಿತು. ಆಗ ಈ ಜೈಲು ಇನ್ನೂ ಇರಲಿಲ್ಲ, ಕಾಡು ಕಡಿಯುವ ಕೆಲಸವೇ ಶಿಕ್ಷೆಯಾಗಿತ್ತು. ನಮ್ಮ ಮೂರೂ ಜಿಲ್ಲೆಗಳು 1948ರವರೆಗೆ ಸೇರಿದ್ದ ಹೈದರಾಬಾದ್ ಸಂಸ್ಥಾನದಿಂದಲೂ ಇಲ್ಲಿಗೆ ಬಂದವರಿದ್ದಾರೆ. ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ 1857ರ ಜುಲೈನಲ್ಲಿ ನಡೆದ ದಾಳಿಯ ಮುಂದಾಳುಗಳಲ್ಲಿ ಒಬ್ಬರಾದ ಮೌಲ್ವಿ ಅಲ್ಲಾವುದ್ದೀನರನ್ನು ಅಂಡಮಾನಿಗೆ ಗಡೀಪಾರು ಮಾಡಲಾಯಿತು, ಅವರು ಇಲ್ಲಿಯೇ ತೀರಿಕೊಂಡರು. ಸುರಪುರದ ಕೋಟೆಯನ್ನು ನೋಡಿದ ಮಗುವಿಗೆ ಈ ಎರಡು ಮಾತು ಹೇಳಿದರೆ ಸಾಕು, ಜೈಲಿನ ಗೋಡೆಯ ಮೇಲಿನ ಕೈದಿಗಳ ಹೆಸರುಗಳನ್ನು ಅದು ತಾನೇ ಓದಲು ತೊಡಗುತ್ತದೆ.

ಮೂರೂವರೆಗೆ ಹೊರಬನ್ನಿ. ಎಲ್ಲವನ್ನೂ ಇವತ್ತೇ ನೋಡಿ ಮುಗಿಸಬೇಕೆಂಬ ಆತುರ ಬೇಡ, ವಿಮಾನ ಹತ್ತುವ ಮುನ್ನಾದಿನ ಹೇಗೂ ಮತ್ತೆ ಇದೇ ಊರಿಗೆ ಬರುತ್ತೀರಿ.

ಸಮುದ್ರದ ಮುಂದೆ ಮೊದಲ ಬಾರಿ

ಊರಿಗೆ ಹತ್ತಿರವಿರುವ ಕಡಲತೀರ ಕಾರ್ಬಿನ್ಸ್ ಕೋವ್. ತೆಂಗಿನ ಮರಗಳ ಸಾಲಿರುವ, ಅರ್ಧಚಂದ್ರಾಕಾರದ ಚಿಕ್ಕ ತೀರ ಇದು. ಆಟೋದ ಬಾಡಿಗೆಯನ್ನು ಹೋಗಿ ಬರುವುದಕ್ಕೂ ಕಾಯುವುದಕ್ಕೂ ಸೇರಿಸಿ ಮೊದಲೇ ಮಾತನಾಡಿಕೊಳ್ಳಿ, ಕತ್ತಲಾದ ಮೇಲೆ ವಾಹನ ಹುಡುಕುವ ಪಾಡು ತಪ್ಪುತ್ತದೆ. ದಾರಿಯುದ್ದಕ್ಕೂ ಒಂದು ಬದಿಗೆ ಸಮುದ್ರ, ಅಲ್ಲಲ್ಲಿ ಜಪಾನೀಯರು 1942ರಿಂದ 1945ರವರೆಗೆ ದ್ವೀಪವನ್ನು ಹಿಡಿದಿದ್ದಾಗ ಕಟ್ಟಿದ ಕಾಂಕ್ರೀಟಿನ ಬಂಕರುಗಳು ಕಾಣುತ್ತವೆ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಒಳನಾಡಿನವರಾದ ನಮಗೆ ನೀರು ಗೊತ್ತು, ಸಮುದ್ರ ಗೊತ್ತಿಲ್ಲ. ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕಿದವರು, ಹೊಲದ ಬಾವಿಯಲ್ಲಿ ಈಜು ಕಲಿತವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬಾವಿಯ ನೀರು ನಿಂತ ನೀರು, ಹೊಳೆಯ ಸೆಳವು ಒಂದೇ ದಿಕ್ಕಿನದು. ಸಮುದ್ರದಲ್ಲಿ ಅಲೆ ಮುಂದಕ್ಕೆ ತಳ್ಳುತ್ತದೆ, ಹಿಂದಿರುಗುವ ನೀರು ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ದಡಕ್ಕೆ ಬಡಿದ ನೀರೆಲ್ಲ ಕೆಲವೊಮ್ಮೆ ಒಂದು ಕಿರಿದಾದ ಜಾಗದಿಂದ ರಭಸವಾಗಿ ಒಳಗೆ ಮರಳುತ್ತದೆ, ಅಲ್ಲಿ ಅಲೆಗಳು ಒಡೆಯದೆ ನೀರು ಶಾಂತವಾಗಿ ಕಾಣುತ್ತದೆ. ಆ ಶಾಂತ ಪಟ್ಟಿಯೇ ಅತ್ಯಂತ ಅಪಾಯದ ಜಾಗ. ಒಂದು ವೇಳೆ ಯಾರಾದರೂ ಅದರಲ್ಲಿ ಸಿಲುಕಿದರೆ ದಡದ ಕಡೆಗೆ ನೇರವಾಗಿ ಈಜಲು ಹೆಣಗಬಾರದು. ಮೊದಲು ಮಲಗಿದಂತೆ ತೇಲಿ ಉಸಿರು ಉಳಿಸಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದು, ಆಮೇಲೆ ಅಲೆಗಳೊಂದಿಗೆ ದಡಕ್ಕೆ ಬರಬೇಕು. ದಡದಲ್ಲಿರುವವರು ತಾವೂ ಧುಮುಕದೆ ಜೀವರಕ್ಷಕರನ್ನು ಕೂಗಬೇಕು.

ಮೊದಲ ದಿನಕ್ಕೆ ಮೊಣಕಾಲಿನ ಮಟ್ಟವೇ ಮಿತಿ. ಈಜು ಬಲ್ಲವರಿಗೂ ಇದೇ ನಿಯಮ. ತಲುಪಿದ ಕೂಡಲೇ ನೀರಿಗೆ ಇಳಿಯದೆ, ಒಂದು ಹತ್ತು ನಿಮಿಷ ದಡದಲ್ಲಿ ಕುಳಿತು ಅಲೆ ಎಲ್ಲಿಯವರೆಗೆ ಬರುತ್ತದೆ, ಸ್ಥಳೀಯರು ಎಲ್ಲಿ ಇಳಿದಿದ್ದಾರೆ, ಎಚ್ಚರಿಕೆಯ ಫಲಕದಲ್ಲಿ ಏನಿದೆ ಎಂಬುದನ್ನು ಮಕ್ಕಳೊಂದಿಗೆ ಗಮನಿಸಿ. ಸಮುದ್ರಕ್ಕೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಳ್ಳಬಾರದು. ಪ್ರತಿ ಮಗುವಿಗೂ ಒಬ್ಬ ಹಿರಿಯರನ್ನು ಹೆಸರಿಟ್ಟು ಗೊತ್ತುಮಾಡಿ, ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಇರಬಾರದು. ದೊಡ್ಡ ಕುಟುಂಬಗಳಲ್ಲಿ ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡು ಯಾರೂ ನೋಡದಿರುವ ಹೊತ್ತೇ ಅನಾಹುತದ ಹೊತ್ತು. ಹೆಣ್ಣುಮಕ್ಕಳು ಸೀರೆಯುಟ್ಟು ನೀರಿಗೆ ಇಳಿಯುವುದಾದರೆ ಪಾದ ನೆನೆಯುವಷ್ಟಕ್ಕೇ ನಿಲ್ಲಿ. ಒದ್ದೆಯಾದ ಆರು ಗಜದ ಬಟ್ಟೆ ಭಾರವಾಗಿ ಕಾಲಿಗೆ ಸುತ್ತಿಕೊಂಡರೆ ಮೊಣಕಾಲು ನೀರಿನಲ್ಲಿಯೂ ಏಳುವುದು ಕಷ್ಟ. ಚೂಡಿದಾರವೇ ಕ್ಷೇಮ.

ಮನೆಯ ಹಿರಿಯರು ಸಮುದ್ರ ಕಂಡ ಕೂಡಲೇ ಗಂಗಾಪೂಜೆ ಮಾಡಬೇಕೆನ್ನುವುದು ಸಹಜ, ಅದಕ್ಕೆ ಖಂಡಿತ ಅವಕಾಶ ಮಾಡಿಕೊಡಿ. ದಡದ ಒದ್ದೆ ಮರಳಿನಲ್ಲಿ ಕುಳಿತು ಅರಿಶಿನ-ಕುಂಕುಮ, ನಾಲ್ಕು ಹೂವು ಏರಿಸಿ ಕೈಮುಗಿದರೆ ಸಾಕು. ಪ್ಲಾಸ್ಟಿಕ್ ಚೀಲ, ಊದುಬತ್ತಿಯ ಪೊಟ್ಟಣ, ಬಟ್ಟೆಯ ತುಂಡುಗಳನ್ನು ನೀರಿಗೆ ಬಿಡಬೇಡಿ. ಹವಳ ಬದುಕುವುದು ತಿಳಿನೀರಿನಲ್ಲಿ, ಆಮೆಗಳು ತೇಲುವ ಪ್ಲಾಸ್ಟಿಕ್ಕನ್ನು ಆಹಾರವೆಂದು ನುಂಗುತ್ತವೆ.

ಏರಿಳಿತವನ್ನು ಅರಿಯಲು ನಮ್ಮಲ್ಲಿ ಒಂದು ಸಾಧನ ಆಗಲೇ ಇದೆ, ಅದು ಮನೆಯ ಗೋಡೆಯ ಮೇಲಿನ ಪಂಚಾಂಗ. ಸಮುದ್ರ ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಚಂದ್ರ ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗಿ ಹುಟ್ಟುವುದರಿಂದ ಉಬ್ಬರವೂ ದಿನದಿಂದ ದಿನಕ್ಕೆ ಅಷ್ಟೇ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಏರಿಳಿತ ಹೆಚ್ಚು. ಅಂಡಮಾನಿನಲ್ಲಿ ಆಗ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಎರಡು ಮೀಟರ್ ವ್ಯತ್ಯಾಸವಿರುತ್ತದೆ. ಅಷ್ಟಮಿಯ ಸುತ್ತಮುತ್ತ ಅದು ಕಡಿಮೆ. ಬಂಡೆಯ ಮೇಲೆ ನಡೆದು ಹೋದವರ ಹಿಂದೆ ನೀರು ಏರಿ ದಾರಿ ಮುಚ್ಚುವುದು, ಇಳಿತದ ಹೊತ್ತಿನಲ್ಲಿ ಚೂಪಾದ ಹವಳ ಮೇಲೆದ್ದು ಕಾಲು ಕೊಯ್ಯುವುದು ಎರಡೂ ಈ ಲೆಕ್ಕ ತಿಳಿಯದೆ ಆಗುವಂಥವು. ಮಕ್ಕಳಿಗೆ ಒಂದು ಕೆಲಸ ಕೊಡಿ: ತಲುಪಿದಾಗ ನೀರಿನ ಅಂಚಿಗೆ ಒಂದು ಕೋಲು ನೆಡಲಿ, ಅರ್ಧ ಗಂಟೆಯ ನಂತರ ಬಂದು ನೋಡಲಿ. ಸಮುದ್ರ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅವರೇ ಮನೆಮಂದಿಗೆಲ್ಲ ಹೇಳುತ್ತಾರೆ, ಮತ್ತು ಆ ಪಾಠ ಪ್ರವಾಸ ಮುಗಿಯುವವರೆಗೂ ಉಳಿಯುತ್ತದೆ.

ಮೊಸಳೆಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಅಂಡಮಾನಿನ ಕೊಲ್ಲಿಗಳಲ್ಲಿಯೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೊರೆಗಳಲ್ಲಿಯೂ ಉಪ್ಪುನೀರಿನ ಮೊಸಳೆಗಳಿವೆ, ಅವು ಸಮುದ್ರದಲ್ಲಿಯೂ ಈಜುತ್ತವೆ. 2010ರಲ್ಲಿ ಹ್ಯಾವ್ಲಾಕಿನ ತೀರದ ಬಳಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಹೆದರಿ ದೂರವಿರಬೇಕೆಂದು ಇದನ್ನು ಹೇಳುತ್ತಿಲ್ಲ. ಎಚ್ಚರಿಕೆಯ ಫಲಕವಿರುವಲ್ಲಿ, ತೊರೆ ಸಮುದ್ರ ಸೇರುವಲ್ಲಿ, ಜೀವರಕ್ಷಕರು ಗುರುತಿಸಿದ ಜಾಗದ ಹೊರಗೆ, ಮಬ್ಬುಗತ್ತಲಲ್ಲಿ ನೀರಿಗೆ ಇಳಿಯಬಾರದು, ಇಷ್ಟೇ.

ಮರಳಿನಲ್ಲಿ ಬಿದ್ದಿರುವ ಹವಳದ ತುಂಡು, ದೊಡ್ಡ ಶಂಖಗಳನ್ನು ಮಕ್ಕಳು ಜೇಬಿಗೆ ಹಾಕಿಕೊಳ್ಳುತ್ತಾರೆ. ಸತ್ತ ಹವಳವನ್ನೂ ಸೇರಿಸಿ ಹವಳವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ತೊಂದರೆಯಾಗುತ್ತದೆ. ತೀರ ಬಿಡುವ ಮುನ್ನ ಜೇಬು ಖಾಲಿ ಮಾಡಿಸಿ. ಇದೇ ರೀತಿ, ಮುಂದಿನ ದಿನಗಳಲ್ಲಿ ಬಾರಾಟಾಂಗ್ ದ್ವೀಪದ ಕಡೆಗೆ ಹೋಗುವುದಿದ್ದರೆ ಜಾರವಾ ಬುಡಕಟ್ಟಿನ ಜನರ ಮೀಸಲು ಪ್ರದೇಶದೊಳಗಿನ ರಸ್ತೆಯಲ್ಲಿ ವಾಹನ ನಿಲ್ಲಿಸುವುದು, ಅವರ ಫೋಟೊ ತೆಗೆಯುವುದು, ತಿನಿಸು ಎಸೆಯುವುದು ಅಪರಾಧವೆಂದು ಮನೆಯವರಿಗೆಲ್ಲ ಈಗಲೇ ತಿಳಿಸಿಡಿ. ಅವರ ನೆಲದಲ್ಲಿ ನಾವು ಹಾದುಹೋಗುವವರು. ಅವರನ್ನು ನೋಡುವುದನ್ನೇ ಪ್ರವಾಸದ ಉದ್ದೇಶ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕತ್ತಲಾದ ಮೇಲೆ

ಸೂರ್ಯ ಮುಳುಗುವ ಕಾಲು ಗಂಟೆ ಮೊದಲೇ ನೀರಿನಿಂದ ಹೊರಬಂದು ಒಣ ಬಟ್ಟೆ ತೊಡಿ. ಸಂಜೆ ಮತ್ತು ಬೆಳಗಿನ ಹೊತ್ತು ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಕಚ್ಚುತ್ತವೆ, ಅವುಗಳ ತುರಿಕೆ ದಿನಗಟ್ಟಲೆ ಇರುತ್ತದೆ. ಮಕ್ಕಳಿಗೆ ಕಾಲು ಮುಚ್ಚುವ ಪೈಜಾಮ ಹಾಕಿ, ಬರಿಯ ಮರಳಿನ ಮೇಲೆ ಕೂರಿಸಬೇಡಿ. ಕೋಣೆಗೆ ಬಂದ ಮೇಲೆ ಎಲ್ಲರೂ ಸಿಹಿನೀರಿನಲ್ಲಿ ಸ್ನಾನ ಮಾಡಬೇಕು, ಉಪ್ಪು ಮೈಮೇಲೆ ಒಣಗಿದರೆ ಚರ್ಮ ಉರಿಯುತ್ತದೆ. ನೀರನ್ನು ಮಿತವಾಗಿ ಬಳಸಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ದ್ವೀಪವಾದರೂ ಬೇಸಿಗೆಯ ತಿಂಗಳುಗಳಲ್ಲಿ ಇಲ್ಲಿನವರಿಗೆ ಕುಡಿಯುವ ನೀರಿನ ಕೊರತೆ ಇರುತ್ತದೆ.

ಜೈಲಿನ ಧ್ವನಿ-ಬೆಳಕಿನ ಪ್ರದರ್ಶನ ಒಳ್ಳೆಯದೇ, ಆದರೆ ಇವತ್ತು ಬೇಡ. ಏಳರೊಳಗೆ ಊಟ ಮುಗಿಸಿ. ಅಲ್ಲಿ ಏಳು ಗಂಟೆಯೆಂದರೆ ಮೈಗೆ ನಮ್ಮ ಎಂಟು ಗಂಟೆ. ಊಟದ ನಂತರ ಅರ್ಧ ಗಂಟೆ ನಾಳೆಯ ಸಿದ್ಧತೆಗೆ ಕೊಡಿ. ಸ್ವರಾಜ್ ದ್ವೀಪಕ್ಕೆ ಬೆಳಗಿನ ದೋಣಿ ಹಿಡಿಯುವುದಿದ್ದರೆ ಪ್ರಯಾಣ ಎರಡು ಗಂಟೆಯ ಆಸುಪಾಸಿನದು. ಸಮುದ್ರ ಪ್ರಯಾಣದಲ್ಲಿ ವಾಂತಿ ಬರುವವರಿದ್ದರೆ ಊರಿನ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಹತ್ತುವ ಮುನ್ನವೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಅದರಿಂದ ಪ್ರಯೋಜನ ಕಡಿಮೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ತಿಂಡಿಯೂ ಬೇಡ. ನಾಲ್ಕು ಚುರುಮುರಿ, ಒಂದು ಬಾಳೆಹಣ್ಣು ಸಾಕು.

ಸ್ವರಾಜ್ ದ್ವೀಪದಲ್ಲಿ ರಾಧಾನಗರ ತೀರ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಅದನ್ನು ಸಂಜೆಗೆ ಇಟ್ಟುಕೊಳ್ಳಿ, ಕಾಲಾಪತ್ಥರ್ ಪೂರ್ವದ ಕಡೆಗಿರುವುದರಿಂದ ಅದು ಬೆಳಗಿನ ಹೊತ್ತಿಗೆ. ಸ್ಕೂಬಾ ಡೈವಿಂಗ್ ಮಾಡುವ ಆಸೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನು ಪ್ರವಾಸದ ನಡುವಿನ ದಿನಕ್ಕೆ ಗೊತ್ತುಮಾಡಿ. ಡೈವಿಂಗ್ ಮಾಡಿದ ಮೇಲೆ ವಿಮಾನ ಹತ್ತುವುದಕ್ಕೆ ಕನಿಷ್ಠ ಒಂದು ಇಡೀ ದಿನದ ಅಂತರವಿರಬೇಕು, ಇಲ್ಲದಿದ್ದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಪ್ರಾಣಾಪಾಯವಾಗಬಹುದು.

ಕೊನೆಯದಾಗಿ ಮರಳುವ ದಿನದ ಲೆಕ್ಕವನ್ನೂ ಈ ರಾತ್ರಿಯೇ ಇನ್ನೊಮ್ಮೆ ನೋಡಿಕೊಳ್ಳಿ. ಸುರಪುರ ಸೀಮೆಯಲ್ಲಿ ಕೃಷ್ಣೆಯ ನಡುವಿನ ನೀಲಕಂಠರಾಯನ ಗಡ್ಡಿಯವರಿಗೆ ಹಿಂದೆಲ್ಲ ಹೊಳೆ ತುಂಬಿದಾಗ ಆಚೆ ದಡ ದೂರವಾಗುತ್ತಿದ್ದಂತೆ, ಇಲ್ಲಿಯೂ ಗಾಳಿ-ಮಳೆ ಜೋರಾದರೆ ದ್ವೀಪಗಳ ನಡುವಿನ ದೋಣಿಗಳು ನಿಲ್ಲುತ್ತವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇದು ಹೆಚ್ಚು, ಅಕ್ಟೋಬರ್-ನವೆಂಬರ್‌ನಲ್ಲಿಯೂ ಚಂಡಮಾರುತದ ಸಂಭವವಿರುತ್ತದೆ. ಆದ್ದರಿಂದ ಸಣ್ಣ ದ್ವೀಪದಿಂದ ಬೆಳಿಗ್ಗೆ ಹೊರಟು ಅದೇ ದಿನ ವಿಮಾನ ಹಿಡಿಯುವಂತೆ ಟಿಕೆಟ್ ಮಾಡಿಸಿದ್ದರೆ ಈಗಲೇ ಬದಲಾಯಿಸಿ, ವಿಮಾನದ ಮುನ್ನಾದಿನ ಮಧ್ಯಾಹ್ನದೊಳಗೆ ಶ್ರೀ ವಿಜಯ ಪುರಂ ತಲುಪುವಂತೆ ದೋಣಿಯ ಸೀಟುಗಳನ್ನು ಗೊತ್ತುಮಾಡಿ. ನಂತರ ಬೆಳಗಿನ ನಾಲ್ಕೂವರೆಗೆ ಅಲಾರಂ ಇಟ್ಟು, ಒಂಬತ್ತರೊಳಗೆ ದೀಪ ಆರಿಸಿ.